ಗಾಯ ಮುಚ್ಚುವ ಹಾಲು

ನೆಗ್ಗಿಲು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಬೇಕು. ಒಣಗಿದ ಕಾಯಿ ಐದು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ಹೋಳಿಗೂ ಎರಡು ಗಟ್ಟಿ ಮುಳ್ಳು, ಜೊತೆಗೆ ಚಿಕ್ಕವು ಒಂದೆರಡು. ಹೇಗೆ ಎಸೆದರೂ ಅದು ಉಳಿದ ಮುಳ್ಳುಗಳ ಮೇಲೆ ಕೂತು ಒಂದು ಮೊನೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಬೀಜ ದೂರ ಹೋಗಬೇಕು. ಹೋಗುವುದಕ್ಕೆ ಯಾವುದಾದರೊಂದು ಗೊರಸೋ ಪಾದವೋ ಬೇಕು. ನೆಲಕ್ಕೆ ಅಂಟಿಕೊಂಡು ಹಬ್ಬುವ, ಪುಟ್ಟ ಹಳದಿ ಹೂವಿನ ಒಂದು ಬಳ್ಳಿ ಇಷ್ಟನ್ನು ಯೋಚನೆಯೇ ಇಲ್ಲದೆ ಸಾಧಿಸಿಕೊಂಡಿದೆ. ಪುತ್ತೂರು, ಸುಳ್ಯ, ಕಡಬದ ಒದ್ದೆ ನೆಲದಲ್ಲಿ ಇದು ಅಪರೂಪ. ನಮ್ಮ ಕಡೆಯವರಿಗೆ ನೆಗ್ಗಿಲು ಸಿಗುವುದು ಹೆಚ್ಚಾಗಿ ಆಯುರ್ವೇದದ ಅಂಗಡಿಯಲ್ಲಿ, ಗೋಕ್ಷುರ ಎಂಬ ಹೆಸರಿನಲ್ಲಿ, ದಶಮೂಲಗಳ ಪೈಕಿ ಒಂದಾಗಿ. ಗಿಡವಾಗಿ ನೋಡಬೇಕಾದರೆ ಘಟ್ಟ ಹತ್ತಿ ಬಯಲುಸೀಮೆಗೆ ಹೋಗಬೇಕು. ಚಿತ್ರದುರ್ಗದ ಕಡೆ ಹೊಲದ ಅಂಚಿನಲ್ಲಿ ಬರಿಗಾಲಲ್ಲಿ ನಡೆದವರು ಅದನ್ನು ಮರೆಯುವುದಿಲ್ಲ.

ಈ ಮುಳ್ಳು ಅಮೆರಿಕಕ್ಕೂ ಹೋಗಿದೆ. ಏಷ್ಯಾ, ಆಫ್ರಿಕ, ಮೆಡಿಟರೇನಿಯನ್ ಕಡೆಯ ಗಿಡ ಸಾಗರ ದಾಟಿದ್ದು ಕುರಿಯ ಉಣ್ಣೆಗೆ ಅಂಟಿಕೊಂಡಿರಬೇಕು ಎಂದು ಬಲ್ಲವರು ಊಹಿಸುತ್ತಾರೆ. ಅಲ್ಲಿಯ ಪಶ್ಚಿಮದ ಒಣ ರಾಜ್ಯಗಳಲ್ಲಿ ಅದು ಎಷ್ಟು ಹಬ್ಬಿತೆಂದರೆ, ಅದರ ಬೀಜ ಕೊರೆದು ತಿನ್ನುವ ಒಂದು ಸೊಂಡಿಲು ಹುಳುವನ್ನೂ ಕಾಂಡ ಕೊರೆಯುವ ಇನ್ನೊಂದನ್ನೂ 1961ರಲ್ಲಿ ಹೊರದೇಶದಿಂದ ತರಿಸಿ ಬಿಟ್ಟರು. ಆದರೂ ಮುಳ್ಳು ಉಳಿದಿದೆ. ಅಲ್ಲಿ ಸೈಕಲ್ ಇಟ್ಟುಕೊಂಡವರಿಗೆ ಅದೊಂದು ದೊಡ್ಡ ಕಾಟ.

ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ವರ್ಷವರ್ಷವೂ ಆಗಸ್ಟ್ ಕೊನೆಗೆ ಒಂದು ಉತ್ಸವ ನಡೆಯುತ್ತದೆ, ಬರ್ನಿಂಗ್ ಮ್ಯಾನ್ ಎಂದು ಹೆಸರು. 1986ರಲ್ಲಿ ಸಾನ್ ಫ್ರಾನ್ಸಿಸ್ಕೊದ ಕಡಲ ದಂಡೆಯಲ್ಲಿ ಕೆಲವರು ಸೇರಿ ಮರದ ಆಳೊಂದನ್ನು ಸುಟ್ಟದ್ದರಿಂದ ಅದು ಶುರುವಾಯಿತು. 1990ರಿಂದ ಮರುಭೂಮಿಗೆ ಹೋಯಿತು. ಈಗ ಎಪ್ಪತ್ತು ಸಾವಿರದಷ್ಟು ಜನ ಸೇರಿ ಒಂದು ವಾರದ ಮಟ್ಟಿಗೆ ಊರು ಕಟ್ಟುತ್ತಾರೆ, ಕೊನೆಯಲ್ಲಿ ಒಂದು ಚೂರು ಕಸವನ್ನೂ ಬಿಡದೆ ಎತ್ತಿಕೊಂಡು ಹೋಗುತ್ತಾರೆ. ಆ ಊರೊಳಗೆ ಸಾಮಾನ್ಯ ಕಾರು ಓಡಿಸುವಂತಿಲ್ಲ. ನಡೆಯಬೇಕು, ಇಲ್ಲವೇ ಸೈಕಲ್ ತುಳಿಯಬೇಕು. ಹಾಗಾಗಿ ಉತ್ಸವದ ತಯಾರಿಯಲ್ಲಿ ಸೈಕಲ್ ರಿಪೇರಿಯೇ ಒಂದು ದೊಡ್ಡ ಅಧ್ಯಾಯ. ಹಿಮಯುಗದ ಕಾಲದಲ್ಲಿ ಅಲ್ಲಿ ಲಹೊಂಟನ್ ಎಂಬ ಮಹಾ ಸರೋವರ ಇತ್ತು. ಈಗ ಇರುವುದು ಅದರ ಒಣಗಿದ ತಳ. ಹಿಟ್ಟಿನಷ್ಟು ನುಣ್ಣಗಿನ ಕ್ಷಾರದ ಧೂಳು ಚೈನು, ಬೇರಿಂಗು, ಫ್ರೀವೀಲು ಯಾವುದನ್ನೂ ಬಿಡುವುದಿಲ್ಲ. ಅಗಲದ ಟಯರು ಹಾಕಬೇಕು, ಗಾಳಿ ತುಸು ಕಡಿಮೆ ಇಡಬೇಕು, ಊರಿಗೆ ಮರಳಿದ ಮೇಲೆ ವಿನಿಗರ್ ಬೆರೆಸಿದ ನೀರಿನಿಂದ ಸೈಕಲನ್ನು ತೊಳೆಯಬೇಕು. 2023ರಲ್ಲಿ ಉತ್ಸವದ ನಡುವೆ ಮಳೆ ಬಂದು ಆ ಧೂಳೆಲ್ಲ ಅಂಟುಕೆಸರಾಯಿತು. ಸಾವಿರಾರು ಜನ ಇದ್ದಲ್ಲೇ ಸಿಕ್ಕಿಕೊಂಡರು. ಕೆಸರಿನಲ್ಲಿ ಚಕ್ರ ಹೂತುಹೋಗುವುದು ಏನೆಂದು ಆಷಾಢದಲ್ಲಿ ನಮ್ಮ ಗುಡ್ಡದ ದಾರಿ ಹಿಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಉತ್ಸವದ ಬಯಲಿನಲ್ಲಿ ಹುಲ್ಲು ಕೂಡ ಚಿಗುರುವುದಿಲ್ಲ. ಮುಳ್ಳಿನ ಹೆದರಿಕೆ ಇರುವುದು ಅದಕ್ಕೂ ಮೊದಲು, ರೀನೊದಂಥ ಊರುಗಳ ರಸ್ತೆಯಂಚಿನಲ್ಲಿ, ಪಾಳುಬಿದ್ದ ಜಾಗಗಳಲ್ಲಿ. ಅದಕ್ಕೆ ಅಲ್ಲಿಯವರು ಕಂಡುಕೊಂಡ ಪರಿಹಾರ ನನ್ನನ್ನು ಬಹಳ ದಿನ ಕಾಡಿದೆ. ಟಯರಿನ ಒಳಗೆ ಒಂದು ಚಿಕ್ಕ ಲೋಟದಷ್ಟು ಬಿಳಿಯ ದ್ರವ ಹೊಯ್ಯುತ್ತಾರೆ. ಚಕ್ರ ತಿರುಗಿದಂತೆ ಅದು ಒಳಗೋಡೆಗೆಲ್ಲ ಸವರಿಕೊಳ್ಳುತ್ತದೆ. ಮುಳ್ಳು ಚುಚ್ಚಿತು ಅನ್ನಿ. ಒಳಗಿನ ಗಾಳಿ ಹೊರಕ್ಕೆ ನುಗ್ಗುತ್ತದೆ, ಜೊತೆಗೆ ದ್ರವವನ್ನೂ ಆ ತೂತಿಗೇ ತಳ್ಳುತ್ತದೆ. ತೂತಿನಲ್ಲಿ ಅದು ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಸವಾರನಿಗೆ ಒಂದು ಸಣ್ಣ ಬುಸ್ ಸದ್ದು ಕೇಳಬಹುದು, ಅಷ್ಟೆ. ಇಂಥ ದ್ರವಗಳಲ್ಲಿ ಹಲವು ಕಂಪೆನಿಗಳು ಬಳಸುವ ಮುಖ್ಯ ವಸ್ತು ರಬ್ಬರ್ ಮರದ ಹಾಲು. ಸುಳ್ಯದ ಗುಡ್ಡಗಳಲ್ಲಿ, ಕಡಬ, ನೆಲ್ಯಾಡಿಯ ಕಡೆ, ಪುತ್ತೂರಿನ ಸುತ್ತ ಬೆಳಗಾಗುವ ಮೊದಲು ತೊಟ್ಟಿಕ್ಕುವ ಹಾಲು ಇದೇ.

ಅಮೆರಿಕ ಖಂಡದ ಮರ ನಮ್ಮಲ್ಲಿಗೆ ಬಂತು, ನಮ್ಮ ಕಡೆಯ ಮುಳ್ಳು ಅಮೆರಿಕಕ್ಕೆ ಹೋಯಿತು, ಎರಡೂ ಒಂದು ಸೈಕಲಿನ ಟಯರಿನೊಳಗೆ ಎದುರುಬದುರಾದವು. ಇದನ್ನು ಯಾರೂ ಯೋಜಿಸಿರಲಿಲ್ಲ. ಮೊದಲ ಸಲ ಇದು ಹೊಳೆದಾಗ ನಾನು ಓದುತ್ತಿದ್ದ ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದು, ಎದುರು ಗುಡ್ಡದ ರಬ್ಬರ್ ತೋಟವನ್ನೇ ನೋಡುತ್ತ ನಿಂತಿದ್ದೆ. ಆದರೆ ಬೆರಗು ಅಲ್ಲಿಗೆ ಮುಗಿಯುವುದಿಲ್ಲ. ಮರ ಆ ಹಾಲನ್ನು ಯಾಕೆ ಇಟ್ಟುಕೊಂಡಿದೆ ಎಂದು ಕೇಳಿಕೊಂಡಾಗ ಅದು ಇನ್ನೂ ಆಳಕ್ಕೆ ಇಳಿಯುತ್ತದೆ.

ರಬ್ಬರ್ ಮರದ ಹಾಲು ಮರಕ್ಕೆ ಊಟವಲ್ಲ. ಬೇರಿನಿಂದ ಎಲೆಗೆ ನೀರು ಏರುವ ದಾರಿ ಬೇರೆ, ಎಲೆಯಿಂದ ಬೇರಿಗೆ ಸಕ್ಕರೆ ಇಳಿಯುವ ದಾರಿ ಬೇರೆ. ಹಾಲಿಗೆ ತೊಗಟೆಯೊಳಗೆ ತನ್ನದೇ ಕೊಳವೆಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ತೊಗಟೆಗೆ ಏಟು ಬಿದ್ದರೆ, ಹುಳು ಕೊರೆದರೆ ಅಲ್ಲಿ ಹಾಲು ಒಸರುತ್ತದೆ. ಬಂದ ಹುಳುವಿನ ಬಾಯಿಗೆ ಅಂಟುತ್ತದೆ, ಆಮೇಲೆ ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಹಾಲಿನಲ್ಲಿ ರಬ್ಬರಿನ ಕಣಗಳ ಜೊತೆ ಪುಟ್ಟ ಪುಟ್ಟ ಚೀಲಗಳೂ ತೇಲುತ್ತಿರುತ್ತವೆ, ಲ್ಯುಟಾಯ್ಡ್ ಎನ್ನುತ್ತಾರೆ ಅವಕ್ಕೆ. ಗಾಯವಾದೊಡನೆ ಆ ಚೀಲಗಳು ಒಡೆಯುತ್ತವೆ. ಒಳಗಿಂದ ಹೊರಬರುವ ಹೆವೀನ್ ಎಂಬ ಪ್ರೋಟೀನು ಬಿಡಿ ಬಿಡಿಯಾಗಿದ್ದ ರಬ್ಬರ್ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಶಿಲೀಂಧ್ರವನ್ನೂ ತಡೆಯುತ್ತದೆ. ಅಂದರೆ ಮದ್ದು, ಬಿರಡೆ ಎರಡೂ ಒಂದೇ ಚೀಲದಲ್ಲಿ.

ಇನ್ನು ಟ್ಯಾಪಿಂಗ್ ಮಾಡುವುದನ್ನು ಹತ್ತಿರದಿಂದ ನೋಡಿ. ನೆಲದಿಂದ ಮೊಳಗಟ್ಟಲೆ ಮೇಲೆ ಮರದ ಸುತ್ತಳತೆ 50 ಸೆಂಟಿಮೀಟರ್ ಆದ ಮೇಲೆ, ಅಂದರೆ ನೆಟ್ಟು ಸುಮಾರು ಏಳು ವರ್ಷ ಕಳೆದ ಮೇಲೆ, ಅದಕ್ಕೆ ಕತ್ತಿ ಮುಟ್ಟಿಸುತ್ತಾರೆ. ಎಡಗಡೆ ಎತ್ತರ, ಬಲಗಡೆ ತಗ್ಗು, ಮರದ ಅರ್ಧ ಸುತ್ತಿಗೆ ಓರೆಯಾಗಿ ಸುಮಾರು 30 ಡಿಗ್ರಿ ಇಳಿಜಾರಿನ ಗೀರು. ಎಡದಿಂದ ಬಲಕ್ಕೇ ಯಾಕೆ? ಹಾಲಿನ ಕೊಳವೆಗಳು ಮರದಲ್ಲಿ ನೆಟ್ಟಗೆ ಏರುವುದಿಲ್ಲ, ತುಸು ಬಲಕ್ಕೆ ವಾಲಿಕೊಂಡು ಸುತ್ತುತ್ತ ಏರುತ್ತವೆ. ಹೀಗೆ ಗೀರಿದರೆ ಹೆಚ್ಚು ಕೊಳವೆಗಳು ತೆರೆದುಕೊಳ್ಳುತ್ತವೆ. ತೆಗೆಯುವ ತೊಗಟೆ ಒಂದೂವರೆ ಮಿಲಿಮೀಟರಿಗಿಂತ ದಪ್ಪ ಇರಬಾರದು. ಕೊಳವೆಗಳು ಒತ್ತೊತ್ತಾಗಿರುವುದು ತೊಗಟೆಯ ಒಳಪದರದಲ್ಲಿ, ಒಳಗಿನ ಕಟ್ಟಿಗೆಗೆ ತೀರ ಹತ್ತಿರ. ಕತ್ತಿ ಅಲ್ಲಿಯವರೆಗೆ ಹೋಗಬೇಕು, ಅದಕ್ಕೂ ಒಳಗಿರುವ, ಹೊಸ ತೊಗಟೆ ಹುಟ್ಟಿಸುವ ತೆಳು ಪೊರೆಯನ್ನು ಮುಟ್ಟಬಾರದು. ಎರಡರ ನಡುವೆ ಉಳಿಯುವುದು ಒಂದು ಮಿಲಿಮೀಟರ್. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ, ಸೊಳ್ಳೆ ಕಚ್ಚಿಸಿಕೊಳ್ಳುತ್ತ, ಮರದಿಂದ ಮರಕ್ಕೆ ಬೇಗ ಬೇಗ ಹೋಗುತ್ತ, ಈ ಒಂದು ಮಿಲಿಮೀಟರನ್ನು ಕೈಯ ಅಂದಾಜಿನಲ್ಲೇ ಕಾಪಾಡುವವರ ಕುಶಲತೆಯನ್ನು ನಾವು ಕೂಲಿಯ ಲೆಕ್ಕದಲ್ಲಿ ಮಾತ್ರ ಅಳೆದಿದ್ದೇವೆ. ಅದು ಸರಿಯಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೆಳಗಿನ ಜಾವವೇ ಆಗಬೇಕು. ರಾತ್ರಿ ಎಲೆಗಳು ನೀರು ಕಳೆದುಕೊಳ್ಳುವುದು ತೀರ ಕಡಿಮೆಯಾದ್ದರಿಂದ ಕೊಳವೆಗಳು ಬಿಗಿದು ತುಂಬಿರುತ್ತವೆ. ಬಿಸಿಲೇರಿದರೆ ಒತ್ತಡ ಇಳಿದು ಹಾಲು ಕಡಿಮೆಯಾಗುತ್ತದೆ. ಗೀರಿದ ಕ್ಷಣದಲ್ಲಿ ಬಿಳಿ ಚುಕ್ಕೆಗಳು ಸಾಲಾಗಿ ಮೂಡಿ, ಒಂದರೊಳಗೊಂದು ಸೇರಿ, ಗೀರಿನ ಗುಂಟ ಇಳಿದು, ತಗಡಿನ ನಾಲಿಗೆಯ ಮೇಲಿಂದ ಗೆರಟೆಗೆ ಬೀಳುತ್ತವೆ. ಎರಡು ಮೂರು ಗಂಟೆ ಹೊತ್ತು ಹಾಲು ಬರುತ್ತದೆ, ಮತ್ತೆ ತಾನಾಗಿ ನಿಲ್ಲುತ್ತದೆ. ಮರ ತನ್ನ ಗಾಯವನ್ನು ಮುಚ್ಚಿಕೊಂಡಿತು. ಮುಂದಿನ ಸಲ ಬಂದವರು ಗೀರಿನಲ್ಲಿ ಒಣಗಿ ದಾರದಂತಾದ ರಬ್ಬರನ್ನು ಸುಲಿದು ಬುಟ್ಟಿಗೆ ಹಾಕಿಕೊಂಡು, ಕೂದಲೆಳೆಯಷ್ಟು ಕೆಳಗೆ ಹೊಸ ಗೀರು ಹಾಕುತ್ತಾರೆ. ನಮಗೆ ಹಾಲು ಸಿಗುವುದು ಮರ ಗಾಯ ಮುಚ್ಚಲು ತೆಗೆದುಕೊಳ್ಳುವ ಆ ಎರಡು ಮೂರು ಗಂಟೆಗಳಲ್ಲಿ. ಮುಚ್ಚುವ ಗುಣವೇ ಇಲ್ಲದಿದ್ದರೆ ಮರ ಬರಿದಾಗಿ ಸತ್ತುಹೋಗುತ್ತಿತ್ತು. ನಮಗೆ ರಬ್ಬರೂ ಇರುತ್ತಿರಲಿಲ್ಲ.

ಪುತ್ತೂರಿನ ಪೇಟೆಯಲ್ಲಿ ಈಗ ಸೈಕಲ್ ಅಂಗಡಿಗಳು ಕಡಿಮೆ. ಬೈಕಿನ ಪಂಚರು ಹಾಕುವವರೇ ಸೈಕಲನ್ನೂ ನೋಡುತ್ತಾರೆ. ಆದರೂ ಹಳೆಯ ಪದ್ಧತಿಯಲ್ಲೇ ಕೆಲಸ ಮಾಡುವ ಒಬ್ಬರು ನನಗೆ ಗೊತ್ತು. ಅವರ ಅಂಗಡಿಯೆದುರು ಕೂತು ನೋಡುವುದು ನನಗೆ ಒಂದು ನಿಧಾನದ ಸುಖ. ಮೀಟುಗೋಲಿನಿಂದ ಟಯರಿನ ಅಂಚು ಎಬ್ಬಿಸಿ, ಟ್ಯೂಬು ಎಳೆದು, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಹೋಗುತ್ತಾರೆ. ಗುಳ್ಳೆ ಎದ್ದಲ್ಲಿ ಬೆರಳಿಟ್ಟು, ಕೋಪಿಂಗ್ ಪೆನ್ಸಿಲಿನಿಂದ ಗುರುತು. ಒರೆಸಿ, ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ ಸುಮ್ಮನೆ ಕೂರುತ್ತಾರೆ. ಅವಸರದವರು ಇಲ್ಲೇ ತಪ್ಪುವುದು.

"ಕೂಡ್ಲೇ ಅಂಟಿಸಿದ್ರೆ ನಿಲ್ಲುದಿಲ್ಲ ಮಾರಾಯ್ರೇ, ಸ್ವಲ್ಪ ಒಣಗ್ಬೇಕು. ಕೈಗೆ ಅಂಟಿಯೂ ಅಂಟದ ಹಾಗೆ ಆಗ್ಬೇಕು" ಎಂದರು ಅವರು ಒಮ್ಮೆ.

ಆ ಸೊಲ್ಯೂಷನ್ ಅಂದರೆ ಪೆಟ್ರೋಲಿನ ಜಾತಿಯ ದ್ರಾವಕದಲ್ಲಿ ಕರಗಿಸಿದ ರಬ್ಬರು. ದ್ರಾವಕ ಹಾರಿಹೋದ ಮೇಲೆ ಉಳಿಯುವುದು ರಬ್ಬರಿನ ತೆಳು ಪೊರೆ. ಮರ ತೊಗಟೆಯಲ್ಲಿ ಮಾಡಿದ್ದನ್ನು ಇವರು ಟ್ಯೂಬಿನ ಮೇಲೆ ಮಾಡುತ್ತಿದ್ದಾರೆ. ಮರಕ್ಕೆ ನೀರು ಬಿಟ್ಟು ಕಣ ಕೂಡಬೇಕು, ಇವರಿಗೆ ದ್ರಾವಕ ಬಿಟ್ಟು ಪೊರೆ ಕೂಡಬೇಕು. ಒಂದು ಮಾತನ್ನು ಇಲ್ಲಿ ನೇರವಾಗಿ ಹೇಳಬೇಕು: ಈಗಿನ ಟ್ಯೂಬುಗಳು ಬಹುಪಾಲು ಬ್ಯುಟೈಲ್, 1937ರಲ್ಲಿ ಅಮೆರಿಕದ ಎಣ್ಣೆ ಕಂಪೆನಿಯೊಂದರ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರು. ಗಾಳಿ ಹಿಡಿದಿಡುವುದರಲ್ಲಿ ಅದು ಮರದ ರಬ್ಬರಿಗಿಂತ ಎಷ್ಟೋ ಮೇಲು. ಮರದ ರಬ್ಬರು ಈಗಲೂ ಬಿಟ್ಟುಕೊಡದ ಜಾಗ ಟಯರಿನ ಮೈ. ಎಳೆದಷ್ಟೂ ತಾಳುವ, ಹರಿಯದ, ಬಿಸಿಯಾಗಿ ಕೆಡದ ಗುಣದಲ್ಲಿ ಅದಕ್ಕೆ ಸಾಟಿ ಇಲ್ಲ. ವಿಮಾನದ ಟಯರುಗಳಲ್ಲಿ ಈ ಕಾರಣಕ್ಕೇ ಮರದ ರಬ್ಬರಿನ ಪಾಲು ಹೆಚ್ಚು.

ಅದೇ ಅಂಗಡಿಯಲ್ಲಿ ಇನ್ನೊಂದು ಪುಟ್ಟ ವಸ್ತು ಉಂಟು, ವಾಲ್‌ಟ್ಯೂಬು. ಹಳೆಯ ಸೈಕಲಿನ ವಾಲ್ವಿಗೆ ಹಾಕುವ ಬೆರಳುದ್ದದ ಸಪೂರ ರಬ್ಬರ್ ನಳಿಗೆ. ವಾಲ್ವಿನ ಕಡ್ಡಿಯ ಪಕ್ಕದಲ್ಲಿ ಒಂದು ತೂತು, ಅದರ ಮೇಲೆ ಬಿಗಿಯಾಗಿ ತೊಡಿಸಿದ ಈ ನಳಿಗೆ. ಪಂಪಿನ ಗಾಳಿ ಬಂದರೆ ನಳಿಗೆ ಹಿಗ್ಗಿ ದಾರಿ ಕೊಡುತ್ತದೆ. ಪಂಪು ನಿಂತರೆ ಒಳಗಿನ ಗಾಳಿಯೇ ನಳಿಗೆಯನ್ನು ತೂತಿಗೆ ಒತ್ತಿ ಬಾಗಿಲು ಹಾಕುತ್ತದೆ. ಒಳಗೆ ಗಾಳಿ ಹೆಚ್ಚಿದಷ್ಟೂ ಬಾಗಿಲು ಭದ್ರ. ಬೋಲ್ಟಿಲ್ಲ, ಸ್ಪ್ರಿಂಗಿಲ್ಲ. ಚಿಕ್ಕಂದಿನಲ್ಲಿ ನಾವು ಇದನ್ನು ಪುಡಿಗಾಸಿಗೆ ತಂದು ಹಾಕುತ್ತಿದ್ದೆವು, ಒಂದು ಕ್ಷಣವೂ ಯೋಚಿಸದೆ.

ಗಾಳಿಯನ್ನು ರಬ್ಬರಿನಲ್ಲಿ ಹಿಡಿದು ಅದರ ಮೇಲೆ ಕೂತು ಹೋಗಬಹುದೆಂದು 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬಾತ ಪೇಟೆಂಟ್ ಪಡೆದಿದ್ದ. ಕಾಲ ಕೂಡಿಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲಿಗಾಗಿ ಮಾಡಿದ್ದಕ್ಕೆ ಮತ್ತೆ ಪೇಟೆಂಟ್ ಪಡೆದ. ಆಗ ಲೋಕಕ್ಕೆ ಸೈಕಲಿನ ಹುಚ್ಚು ಹಿಡಿಯಿತು, ಹುಚ್ಚಿಗೆ ರಬ್ಬರು ಬೇಕಾಯಿತು. ಬೆಲ್ಜಿಯಂನ ದೊರೆ ಲಿಯೊಪೋಲ್ಡನ ಕೈಯಲ್ಲಿದ್ದ ಕಾಂಗೋದಲ್ಲಿ, ಕಾಡುಬಳ್ಳಿಗಳಿಂದ ರಬ್ಬರ್ ತೆಗೆಯಲು ಹಳ್ಳಿ ಹಳ್ಳಿಗಳನ್ನು ಹಿಂಸಿಸಿದರು, ಕೈ ಕತ್ತರಿಸಿದರು. ಕೈ ಕಳೆದುಕೊಂಡವರ ಚಿತ್ರಗಳು ಆಗಲೇ ಯುರೋಪಿನ ಮನೆಗಳನ್ನು ತಲುಪಿದ್ದವು. ಟಯರಿನ ಬಗ್ಗೆ ಬೆರಗುಪಡುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಆಗದಿದ್ದರೆ ನನ್ನ ಬೆರಗಿಗೆ ಬೆಲೆಯಿಲ್ಲ.

ಮರ ಇಲ್ಲಿಗೆ ಬಂದ ದಾರಿಯೂ ಹಗುರವಾದದ್ದಲ್ಲ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಮೆಜಾನಿನಿಂದ ಎಪ್ಪತ್ತು ಸಾವಿರದಷ್ಟು ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ತಂದ. ಮೊಳೆತದ್ದು ಸುಮಾರು 2,700 ಮಾತ್ರ. ಅವುಗಳಲ್ಲಿ ಸಾವಿರದೊಂಬೈನೂರರಷ್ಟು ಸಸಿಗಳು ಗಾಜಿನ ಪೆಟ್ಟಿಗೆಗಳಲ್ಲಿ ಸಿಲೋನಿಗೆ ಹೋದವು. ಏಷ್ಯಾದ ರಬ್ಬರ್ ತೋಟಗಳ ಮೂಲ ಬಹುಪಾಲು ಆ ಒಂದು ಹಿಡಿ ಸಸಿಗಳಲ್ಲಿದೆ. ಕೇರಳದ ತಟ್ಟೇಕಾಡಿನಲ್ಲಿ 1902ರಲ್ಲಿ ವ್ಯಾಪಾರಕ್ಕೆಂದು ತೋಟ ಎದ್ದಿತು. ಮುಂದೆ ಕೇರಳದಿಂದ ಘಟ್ಟದ ತಪ್ಪಲಿಗೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಕಡಬ, ನೆಲ್ಯಾಡಿ, ಶಿರಾಡಿಯ ಕಡೆ ರಬ್ಬರ್ ಹಾಕಿದವು.

ಇದೇ ಸಿಲೋನಿನ ತೋಟಗಳಲ್ಲಿ ದುಡಿಯಲು ಬ್ರಿಟಿಷರು ತಮಿಳುನಾಡಿನಿಂದ ಜನರನ್ನು ಒಯ್ದಿದ್ದರು. ತಲೆಮಾರುಗಳು ಅಲ್ಲೇ ಹುಟ್ಟಿ ಬೆಳೆದವು. 1948ರ ಪೌರತ್ವ ಕಾಯಿದೆ ಅವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ಕರೆದುಕೊಳ್ಳುವುದೆಂದಾಯಿತು. ಹಾಗೆ ಬಂದವರಲ್ಲಿ ಹಲವು ಕುಟುಂಬಗಳಿಗೆ ಸುಳ್ಯ, ಪುತ್ತೂರಿನ ಕಡೆ ಕೆಲಸ ಕೊಡಲೆಂದೇ ಸರ್ಕಾರ ರಬ್ಬರ್ ತೋಟಗಳನ್ನು ಎಬ್ಬಿಸಿತು. ಅರಣ್ಯ ಅಭಿವೃದ್ಧಿ ನಿಗಮ ಈಗ ಅವನ್ನು ನೋಡಿಕೊಳ್ಳುತ್ತದೆ. ಮರವೂ ಸಿಲೋನಿನ ದಾರಿಯಲ್ಲಿ ಬಂತು, ಮರ ಗೀರುವ ಕೈಗಳೂ ಅದೇ ದಾರಿಯಲ್ಲಿ ಬಂದವು. ಕಾಗದದ ಮೇಲೆ ಅವರದು ಮರಳಿ ಬಂದವರ ಲೆಕ್ಕ. ಆದರೆ ಹಡಗಿನಿಂದ ಇಳಿದ ಎಷ್ಟೋ ಮಂದಿಗೆ ಈ ದೇಶ ಹೊಸದೇ ಆಗಿತ್ತು, ಈ ಜಿಲ್ಲೆಯ ಮಳೆ, ತುಳು, ಕನ್ನಡ ಮೂರೂ ಹೊಸತು. ಅವರ ಮೊಮ್ಮಕ್ಕಳು ಇಲ್ಲಿಯ ಕನ್ನಡ ಶಾಲೆಗಳಲ್ಲಿ ಓದಿದವರು.

ಅಡುಗೆಮನೆಯಲ್ಲಿ ಸಾಮಾನು ಕಟ್ಟಿದ ರಬ್ಬರ್ ಬ್ಯಾಂಡ್ ಒಂದಿದ್ದರೆ ಈಗಲೇ ಕೈಗೆ ತೆಗೆದುಕೊಳ್ಳಿ. ಅಗಲದ್ದಾದರೆ ಒಳ್ಳೆಯದು. ಮೇಲ್ದುಟಿಗೆ ತಾಗಿಸಿ ಥಟ್ಟನೆ ಎಳೆಯಿರಿ: ಬಿಸಿ. ಎಳೆದುಕೊಂಡೇ ಸ್ವಲ್ಪ ಹೊತ್ತು ಇಟ್ಟು, ಸಡಿಲ ಬಿಟ್ಟು ಮತ್ತೆ ತುಟಿಗೆ ತಾಗಿಸಿ: ತಣ್ಣಗೆ. ಇದನ್ನು ಮೊದಲು ಗಮನಿಸಿ ಬರೆದವರು ಇಂಗ್ಲೆಂಡಿನ ಜಾನ್ ಗಫ್, 1805ರಲ್ಲಿ. ಎಳವೆಯಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವರು. ಲೋಕವನ್ನು ಬೆರಳು, ತುಟಿಗಳಿಂದಲೇ ಓದಿದವರು. ಕಬ್ಬಿಣದ ಸ್ಪ್ರಿಂಗನ್ನು ಎಳೆದಾಗ ಅದರ ಅಣುಗಳು ಒಂದರಿಂದೊಂದು ದೂರ ಸರಿಯುತ್ತವೆ, ಬಿಟ್ಟರೆ ಹತ್ತಿರ ಬರುತ್ತವೆ. ರಬ್ಬರಿನ ಕತೆ ಬೇರೆ. ಅದರ ಅಣುಗಳು ತುಂಬ ಉದ್ದದ ಸರಪಣಿಗಳು, ಸದಾ ಅಲುಗಾಡುತ್ತ ಸಾವಿರ ರೀತಿಯಲ್ಲಿ ಮುದುಡಿಕೊಂಡಿರುತ್ತವೆ. ಎಳೆದರೆ ಎಲ್ಲವೂ ಒಂದೇ ದಿಕ್ಕಿಗೆ ಸಾಲು ನಿಲ್ಲಬೇಕಾಗುತ್ತದೆ. ಹಾಗೆ ಸಾಲು ನಿಲ್ಲುವುದಕ್ಕೆ ಇರುವ ದಾರಿ ಕೆಲವೇ, ಮುದುಡಿಕೊಳ್ಳುವುದಕ್ಕೆ ಎಣಿಸಲಾರದಷ್ಟು. ಬಿಟ್ಟ ಕೂಡಲೇ ಅವು ತಮ್ಮ ಎಣಿಸಲಾರದ ದಾರಿಗಳಿಗೆ ಮರಳುತ್ತವೆ. ಟಯರು ಕಲ್ಲಿನ ಮೇಲೆ ಹತ್ತಿ ಇಳಿದು ಮತ್ತೆ ದುಂಡಗಾಗುವುದು ಇದೇ ಬಲದಿಂದ. ಪುತ್ತೂರಿನಿಂದ ಉಪ್ಪಿನಂಗಡಿಗೆ ಸೈಕಲ್ ತುಳಿಯುವ ಹುಡುಗನನ್ನು ಹೊರುತ್ತಿರುವುದು ಸಂಭವನೀಯತೆಯ ಗಣಿತ ಎಂದು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಸರಪಣಿಗಳು ಜಾರಿ ದೂರವಾಗದಂತೆ ಅಲ್ಲಲ್ಲಿ ಗಂಧಕದ ಸೇತುವೆ ಹಾಕುವ ವಿದ್ಯೆಯನ್ನು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಅದಕ್ಕೂ ಮೂರು ಸಾವಿರ ವರ್ಷ ಹಿಂದೆಯೇ ಮಧ್ಯ ಅಮೆರಿಕದ ಜನ ಅಲ್ಲಿಯ ಇನ್ನೊಂದು ಮರದ ಹಾಲಿಗೆ ಕಾಡಿನ ಹೂಬಳ್ಳಿಯೊಂದರ ರಸ ಬೆರೆಸಿ ಪುಟಿಯುವ ಚೆಂಡು ಮಾಡುತ್ತಿದ್ದರು.

ಇಂಥ ಸಂಗತಿಗಳನ್ನು ಕನ್ನಡದ ಮಕ್ಕಳಿಗೆ ಹೇಳಬೇಕೆಂದು ಇದೇ ಪುತ್ತೂರಿನಲ್ಲಿ, ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು 'ಬಾಲ ಪ್ರಪಂಚ'ದ ಮೂರು ಸಂಪುಟ, 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಊರಿನ ಸೈಕಲ್ ಅಂಗಡಿಯಲ್ಲಿ ಕೂತು ಅಣುಗಳ ಬಗ್ಗೆ ಯೋಚಿಸುವುದು ವಿಚಿತ್ರವೇನಲ್ಲ ಎಂಬ ಧೈರ್ಯ ನನ್ನಂಥವರಿಗೆ ಬಂದದ್ದು ಅವರಿಂದ.

ನಮ್ಮಲ್ಲೂ ಉತ್ಸವಕ್ಕೆ ಚಕ್ರ ಸಜ್ಜುಮಾಡುವವರಿದ್ದಾರೆ. ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಬ್ರಹ್ಮರಥ ಕಟ್ಟುವವರು ಮಲೆಕುಡಿಯರು. ಕಾಡಿನಿಂದ ಬೆತ್ತ, ಬಿದಿರು ತಂದು, ರಥದ ಮೇಲುಭಾಗವನ್ನು ಬಿಗಿಯುತ್ತಾರೆ. ರಥ ಎಳೆಯುವುದೂ ಬೆತ್ತದಿಂದ. ಮರದ ಗಾಲಿಗೆ ರಬ್ಬರಿಲ್ಲ, ಗಾಳಿಯಿಲ್ಲ. ನೆಲದ ಪ್ರತಿ ಉಬ್ಬು ತಗ್ಗೂ ರಥದ ಮೈಗೆ ನೇರ ಏರುತ್ತದೆ, ಅದನ್ನು ನುಂಗಿಕೊಳ್ಳುವುದು ಬೆತ್ತದ ಕಟ್ಟು. ರಥ ಓಲಾಡುತ್ತದೆ, ಮುರಿಯುವುದಿಲ್ಲ. ಟಯರು ಹುಟ್ಟುವ ಎಷ್ಟೋ ಮೊದಲೇ ಬಾಗುವ ವಸ್ತುವೊಂದನ್ನು ಕಾಡಿನಲ್ಲಿ ಗುರುತಿಸಿದ ಜ್ಞಾನ ಅದು. ಪುತ್ತೂರಿನ ಮಹಾಲಿಂಗೇಶ್ವರ ಜಾತ್ರೆ ಏಪ್ರಿಲ್ 10ರಿಂದ, ರಥ 17ಕ್ಕೆ. ದೇವರಮಾರು ಗದ್ದೆ ತುಂಬ ಸಂತೆ, ಸಂತೆಯಲ್ಲಿ ಪುಗ್ಗೆಯವರು. ಅವರು ಊದಿ ಕಟ್ಟುವ ಬಣ್ಣದ ಪುಗ್ಗೆಗಳು ಇದೇ ಹಾಲಿನವು. ಚಳಿಗಾಲದ ಕೊನೆಗೆ ಎಲೆ ಉದುರಿಸಿ ವಿಶ್ರಾಂತಿ ಪಡೆದ ರಬ್ಬರ್ ಮರಗಳು ಜಾತ್ರೆಯ ಹೊತ್ತಿಗೆ ಹೊಸ ಎಲೆ ತೊಟ್ಟಿರುತ್ತವೆ.

ಹೀಗೊಂದು ಏಪ್ರಿಲಿನಲ್ಲಿ, ಸುಳ್ಯದ ಹತ್ತಿರದ ತೋಟವೊಂದರಲ್ಲಿ ಬಕೆಟಿಗೆ ಹಾಲು ಸುರಿದುಕೊಳ್ಳುತ್ತಿದ್ದ ಅಕ್ಕನೊಬ್ಬರಿಗೆ ನಾನು ಮರುಭೂಮಿಯ ಸೈಕಲುಗಳ ವಿಷಯ ಹೇಳಿದೆ. ಅವರ ಅಜ್ಜಿ ಸಿಲೋನಿನ ತೋಟದಲ್ಲಿ ಹುಟ್ಟಿದವರು. ಮುಳ್ಳಿನ ಆಕಾರ ಬೆರಳಲ್ಲಿ ತೋರಿಸಿದೆ, ಟಯರಿನೊಳಗೆ ಹಾಲು ಹೊಯ್ಯುವುದನ್ನು ಹೇಳಿದೆ. ಅವರು ಗೆರಟೆಯನ್ನು ಬೆರಳಿನಿಂದ ಬಳಿದು, ಕವುಚಿಟ್ಟು, ಸ್ವಲ್ಪ ಯೋಚಿಸಿದರು.

"ಮರುಭೂಮಿ ಅಂದ್ರೆ ಬಿಸಿಲು ಜಾಸ್ತಿ ಅಲ್ವಾ ಸಾರ್?"

"ಹೌದಕ್ಕ, ನಮ್ಮ ಏಪ್ರಿಲಿನ ಹಾಗೆ, ಕೆಲವು ಸಲ ಅದಕ್ಕಿಂತಲೂ ಹೆಚ್ಚು."

"ಮತ್ತೆ ಹಾಲು ಟಯರಿನ ಒಳಗೇ ಗಟ್ಟಿ ಆಗುದಿಲ್ವಾ? ಇಲ್ಲಿ ಹನ್ನೊಂದು ಗಂಟೆ ಆದ್ರೆ ಬಕೆಟಿನಲ್ಲೇ ಗಂಟು ಕಟ್ತದೆ. ನಾವು ಅಮೋನಿಯ ಹಾಕ್ತೇವೆ. ಅವ್ರು ಏನು ಹಾಕ್ತಾರೆ?"

ಇಡೀ ವಿಷಯದ ಗಂಟು ಇರುವುದು ಅಲ್ಲೇ. ಗಾಯವಾಗುವವರೆಗೆ ಹಾಲು ಹಾಲಾಗಿಯೇ ಇರಬೇಕು, ಗಾಯವಾದ ಕ್ಷಣ ಗಟ್ಟಿಯಾಗಬೇಕು. ಮರ ಅದನ್ನು ಪುಟ್ಟ ಚೀಲಗಳಿಂದ ಸಾಧಿಸಿದೆ. ಟಯರಿಗೆ ದ್ರವ ತಯಾರಿಸುವವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುವುದು ಇದರ ಮೇಲೆಯೇ. ಅವರಲ್ಲಿಯೂ ಹಲವರು ಅಮೋನಿಯವನ್ನೇ ಹಾಕುತ್ತಾರೆ, ಆದರೂ ಕೆಲವು ತಿಂಗಳಲ್ಲಿ ಒಳಗೆ ಒಣಗುತ್ತದೆ, ಮತ್ತೆ ಹೊಯ್ಯಬೇಕು ಎಂದೆ. ಬಿಸಿಲು ಹೆಚ್ಚಿದ್ದಲ್ಲಿ ಬೇಗ ಒಣಗುತ್ತದೆ.

"ಎಷ್ಟು ಹಾಕ್ತಾರಂತೆ, ಒಂದು ಲೀಟರಿಗೆ?" ಎಂದು ಕೇಳಿದರು ಅವರು, ಮುಂದಿನ ಮರಕ್ಕೆ ಹೋಗುತ್ತ. ನಾನು ಹಿಂದೆಯೇ ನಡೆದೆ.